ಹೆಸರು ಸುಳ್ಳಾದರೂ ಮೂಳೆ ಸುಳ್ಳಾಡದು ಎಂದ ಗುಮಾಸ್ತ: ಅಲ್ಫಾನ್ಸ್ ಬರ್ಟಿಲಾನ್

1879ರ ಮಾರ್ಚ್ ತಿಂಗಳಲ್ಲಿ ಪ್ಯಾರಿಸ್ ನಗರದ ಪೊಲೀಸ್ ಪ್ರಧಾನ ಕಚೇರಿಗೆ ಹೊಸ ಗುಮಾಸ್ತನೊಬ್ಬ ಸೇರಿಕೊಂಡ. ವಯಸ್ಸು 26 ತುಂಬಲು ಇನ್ನೊಂದು ತಿಂಗಳಿತ್ತು. ಕೆಲಸ ದೊರೆತದ್ದು ತಂದೆಯ ವಶೀಲಿಯಿಂದ. ಬಂಧಿತರ ಹೆಸರು, ಚಹರೆ, ಆಪಾದನೆಗಳನ್ನು ಚೀಟಿಗಳಿಗೆ ನಕಲು ಮಾಡುವುದು ಅವನ ಪಾಲಿಗೆ ಬಂದ ಕಾಯಕ. ಬೇಸಿಗೆಯಲ್ಲಿ ಧಗೆ, ಚಳಿಗಾಲದಲ್ಲಿ ಕೈ ಮರಗಟ್ಟುವ ಶೀತ ತುಂಬಿದ ಮೂಲೆಯಲ್ಲಿ ಕುಳಿತು ಅವನು ದಿನವಿಡೀ ಒಂದೇ ಬಗೆಯ ಸಾಲುಗಳನ್ನು ಬರೆಯುತ್ತಿದ್ದ. ಎತ್ತರ ಸಾಧಾರಣ, ಮುಖ ಸಾಮಾನ್ಯ, ವಿಶೇಷ ಗುರುತು ಇಲ್ಲ. ಅರ್ಧ ಪ್ಯಾರಿಸ್ ನಗರಕ್ಕೆ ಹೊಂದುವಂಥ ಈ ವಿವರಣೆಯಿಂದ ಒಬ್ಬ ಮನುಷ್ಯನನ್ನು ಮತ್ತೆ ಹುಡುಕಲು ಸಾಧ್ಯವೇ ಎಂಬ ಪ್ರಶ್ನೆ ಕಚೇರಿಯಲ್ಲಿ ಬೇರಾರಿಗೂ ಹೊಳೆದಿರಲಿಲ್ಲ. ಹೊಳೆದಿದ್ದರೂ ಅವರು ಸುಮ್ಮನಿದ್ದರು.

ಇಂದು ನಮ್ಮ ನಗರಗಳಲ್ಲಿ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದರೆ, ಕಾವಲುಗಾರನ ಕೆಲಸಕ್ಕೆ ಸೇರಿದರೆ ಪೊಲೀಸರಿಂದ ಪೂರ್ವಾಪರ ಪರಿಶೀಲನೆ ನಡೆಯುತ್ತದೆ. ವ್ಯಕ್ತಿಯ ಮೇಲೆ ಹಿಂದೆ ಮೊಕದ್ದಮೆ ಇತ್ತೇ, ಬಂಧನವಾಗಿತ್ತೇ, ಶಿಕ್ಷೆಯಾಗಿತ್ತೇ ಎಂದು ನೋಡುವುದು ಅದರ ಉದ್ದೇಶ. ಕೇಳಲು ಸರಳವೆನಿಸುವ ಈ ಕೆಲಸದ ಕಷ್ಟವಿರುವುದು ದಾಖಲೆಯನ್ನು ಬರೆದಿಡುವುದರಲ್ಲಿ ಅಲ್ಲ, ಬೇಕಾದ ಕ್ಷಣದಲ್ಲಿ ಅದನ್ನು ಹುಡುಕಿ ತೆಗೆಯುವುದರಲ್ಲಿ. ಆ ಕಷ್ಟವನ್ನು ಮೊದಲು ಶಾಸ್ತ್ರೀಯವಾಗಿ ಎದುರಿಸಿದವನು ಆ ಗುಮಾಸ್ತ, ಅಲ್ಫಾನ್ಸ್ ಬರ್ಟಿಲಾನ್.

ಬರ್ಟಿಲಾನ್ ಹುಟ್ಟಿದ್ದು 1853ರ ಏಪ್ರಿಲ್‌ನಲ್ಲಿ, ವಿದ್ವಾಂಸರ ಮನೆಯಲ್ಲಿ. ತಂದೆ ಲೂಯಿ ಅಡಾಲ್ಫ್ ಬರ್ಟಿಲಾನ್ ವೈದ್ಯ, ಸಂಖ್ಯಾಶಾಸ್ತ್ರಜ್ಞ, ಪ್ಯಾರಿಸ್ಸಿನ ಮಾನವಶಾಸ್ತ್ರ ವಲಯದ ಗಣ್ಯ. ಜನಸಂಖ್ಯಾಶಾಸ್ತ್ರಕ್ಕೆ ಡೆಮೊಗ್ರಫಿ ಎಂಬ ಹೆಸರನ್ನು ಕೊಟ್ಟ ಅಶಿಲ್ ಗಿಯಾರ್ ತಾಯಿಯ ತಂದೆ. ಅಣ್ಣ ಜಾಕ್ ಮುಂದೆ ಸಾವಿನ ಕಾರಣಗಳ ಅಂತಾರಾಷ್ಟ್ರೀಯ ವರ್ಗೀಕರಣವನ್ನು ರೂಪಿಸಿದ. ಇಂದು ಆಸ್ಪತ್ರೆಗಳು ಬಳಸುವ ರೋಗಗಳ ಸಂಕೇತ ಪಟ್ಟಿಯ ಮೂಲ ಅದೇ. ತಲೆಬುರುಡೆಗಳು, ಅಳತೆಯ ಕೈವಾರಗಳು, ಅಂಕಿಅಂಶಗಳ ಪಟ್ಟಿಗಳು ಈ ಮನೆಯ ಮಕ್ಕಳಿಗೆ ಆಟಿಕೆಗಳಷ್ಟೇ ಪರಿಚಿತ. ಆದರೆ ಅಲ್ಫಾನ್ಸ್ ಮಾತ್ರ ಕುಲಕ್ಕೆ ಹೊರಗಾದವನಂತೆ ಬೆಳೆದ. ಶಾಲೆಗಳಿಂದ ಹೊರದೂಡಿಸಿಕೊಂಡ. ಇಂಗ್ಲೆಂಡಿಗೆ ಹೋಗಿ ಫ್ರೆಂಚ್ ಪಾಠ ಹೇಳಿ ಹೊಟ್ಟೆ ಹೊರೆದ. 1875ರಲ್ಲಿ ಸೈನ್ಯದ ಕಡ್ಡಾಯ ಸೇವೆಗೆ ಸೇರಿದ. ಮಾತು ಕಡಿಮೆ, ಮುನಿಸು ಹೆಚ್ಚು, ತಲೆನೋವು ಬಿಡದ ಸಂಗಾತಿ. ಮಗನಿಗೆ ಒಂದು ನೆಲೆಯಾದರೆ ಸಾಕೆಂದು ತಂದೆ ಪೊಲೀಸ್ ಕಚೇರಿಯ ಬಾಗಿಲು ತಟ್ಟಿದ್ದರು.

ಆ ಕಚೇರಿಯ ಆಗಿನ ಅವಸ್ಥೆಯನ್ನು ಅರಿಯದೆ ಬರ್ಟಿಲಾನ್‌ನ ಸಾಧನೆಯ ಬೆಲೆ ತಿಳಿಯದು. ಹಿಂದೆ ಫ್ರಾನ್ಸಿನಲ್ಲಿ ಕಠಿಣ ಶಿಕ್ಷೆಗೊಳಗಾದವನ ಭುಜದ ಮೇಲೆ ಕಾದ ಕಬ್ಬಿಣದಿಂದ ಅಕ್ಷರಗಳ ಬರೆ ಎಳೆಯುತ್ತಿದ್ದರು. ಅಂಗಿ ಕಳಚಿಸಿದರೆ ಸಾಕು, ಪೂರ್ವಚರಿತ್ರೆ ಕಣ್ಣಿಗೆ ಬೀಳುತ್ತಿತ್ತು. 1832ರಲ್ಲಿ ಈ ಕ್ರೌರ್ಯ ರದ್ದಾಯಿತು. 1850ರಲ್ಲಿ ಅದರ ಜಾಗಕ್ಕೆ ಕಾಗದ ಬಂದಿತು. ಯಾವ ಊರಿನಲ್ಲಿ ಶಿಕ್ಷೆಯಾದರೂ ಅದರ ವಿವರವನ್ನು ಅಪರಾಧಿ ಹುಟ್ಟಿದ ಊರಿನ ನ್ಯಾಯಾಲಯಕ್ಕೆ ಕಳುಹಿಸಿ ಅಲ್ಲಿ ಹೆಸರಿನ ಅಕಾರಾದಿಯಲ್ಲಿ ಇಡುವ ಅಪರಾಧ ದಾಖಲೆ ಪದ್ಧತಿ ಅದು. ಬೋನ್‌ವಿಲ್ ದ ಮಾರ್ಸಾಂಜಿ ಎಂಬ ನ್ಯಾಯಾಧಿಕಾರಿಯ ಕಲ್ಪನೆ. ಒಬ್ಬನ ಪೂರ್ವಾಪರ ಬೇಕೆಂದರೆ ಅವನ ಹುಟ್ಟೂರಿಗೆ ಬರೆದು ಕೇಳಿದರಾಯಿತು. ಅಚ್ಚುಕಟ್ಟಾದ ವ್ಯವಸ್ಥೆ, ಸಂಶಯವಿಲ್ಲ. ಆದರೆ ಅದು ನಿಂತದ್ದು ಬಂಧಿತನು ತನ್ನ ಹೆಸರನ್ನೂ ಹುಟ್ಟೂರನ್ನೂ ಪ್ರಾಮಾಣಿಕವಾಗಿ ಹೇಳುತ್ತಾನೆ ಎಂಬ ನಂಬಿಕೆಯ ಮೇಲೆ! ಅಪರಾಧವನ್ನು ಕಸುಬಾಗಿಸಿಕೊಂಡವನು ಅಷ್ಟು ಪ್ರಾಮಾಣಿಕನಾಗಿರಬೇಕೆಂದು ಬಯಸುವುದು ಸರ್ಕಾರಗಳಿಗೆ ಮಾತ್ರ ಸಾಧ್ಯ.

ಅದರ ಮೇಲೆ 1871ರ ಮೇ ತಿಂಗಳ ಬೆಂಕಿ. ಪ್ಯಾರಿಸ್ ಕಮ್ಯೂನ್ ದಂಗೆಯ ಕೊನೆಯ ವಾರದಲ್ಲಿ ಪುರಭವನ, ನ್ಯಾಯಾಲಯದ ಭವನ, ಪೊಲೀಸ್ ಪ್ರಧಾನ ಕಚೇರಿ ಎಲ್ಲವೂ ಉರಿದವು. ಪ್ಯಾರಿಸ್ಸಿಗರ ಜನನ, ಮದುವೆ, ಮರಣಗಳ ಹಳೆಯ ಪುಸ್ತಕಗಳು ಬೂದಿಯಾದವು. ತಾನು ಪ್ಯಾರಿಸ್ಸಿನಲ್ಲೇ ಹುಟ್ಟಿದವನೆಂದು ಒಬ್ಬ ಹೇಳಿದರೆ ಅದನ್ನು ಸುಳ್ಳೆಂದು ತೋರಿಸಲು ಹಿಡಿ ಕಾಗದವೂ ಉಳಿಯಲಿಲ್ಲ. ಪೊಲೀಸರ ಬಳಿ ಉಳಿದ ಉಪಾಯಗಳು ಎರಡು. ಜೈಲಿಗೆ ಹೋಗಿ ಹೊಸ ಕೈದಿಗಳ ಮುಖವನ್ನು ಒಂದೊಂದಾಗಿ ನೋಡಿ ಹಳಬರನ್ನು ನೆನಪಿನಿಂದಲೇ ಗುರುತಿಸುವುದು ಒಂದು. ಛಾಯಾಚಿತ್ರ ಇನ್ನೊಂದು. ಆದರೆ ಛಾಯಾಚಿತ್ರಗಳು ಹತ್ತಾರು ಸಾವಿರ. ಒಬ್ಬನದು ಬೆಳಕಿನಲ್ಲಿ, ಇನ್ನೊಬ್ಬನದು ನೆರಳಿನಲ್ಲಿ. ಒಬ್ಬ ನಗುತ್ತಿದ್ದಾನೆ, ಮತ್ತೊಬ್ಬ ಬೇಕೆಂದೇ ಮುಖ ಕಿವುಚಿದ್ದಾನೆ. ಅವುಗಳನ್ನು ಜೋಡಿಸಿಟ್ಟದ್ದು ಮತ್ತೆ ಹೆಸರಿನ ಕ್ರಮದಲ್ಲೇ. ಹೆಸರು ಸುಳ್ಳಾದರೆ ಚಿತ್ರವಿದ್ದೂ ಇಲ್ಲದಂತೆ.

ಚೀಟಿ ನಕಲು ಮಾಡುತ್ತಿದ್ದ ಗುಮಾಸ್ತನಿಗೆ ಮನೆಯಲ್ಲಿ ಕಂಡ ಕೈವಾರಗಳು ನೆನಪಾದವು. ಇಪ್ಪತ್ತು ವರ್ಷ ದಾಟಿದ ಮೇಲೆ ಮನುಷ್ಯನ ಮೂಳೆಗಳ ಅಳತೆ ಹೆಚ್ಚು ಬದಲಾಗದು. ಗಡ್ಡ ಬೋಳಿಸಬಹುದು, ಹೆಸರು ಬದಲಿಸಬಹುದು, ಕೈ ಮಧ್ಯದ ಬೆರಳನ್ನು ಮೊಟಕು ಮಾಡಿಕೊಂಡು ಬರಲಾಗದು. ಎತ್ತರ ಒಂದೇ ಇರುವ ಇಬ್ಬರು ಸುಲಭವಾಗಿ ಸಿಗಬಹುದು. ಆದರೆ ಎತ್ತರ, ತೋಳಗಲ, ತಲೆಯ ಉದ್ದ, ತಲೆಯ ಅಗಲ, ಬಲಗಿವಿ, ಎಡಪಾದ, ಮುಂಗೈ ಹೀಗೆ 11 ಅಳತೆಗಳೂ ಒಂದೇ ಆಗಿರುವ ಇಬ್ಬರು ಸಿಗುವುದು ಅಪರೂಪ. ಒಂದೊಂದು ಅಳತೆ ಹೊಂದುವ ಸಂಭವ ನಾಲ್ಕರಲ್ಲಿ ಒಂದೆಂದು ಹಿಡಿದರೂ 11 ಹೊಂದುವ ಸಂಭವ 41 ಲಕ್ಷದ 94 ಸಾವಿರ ಚಿಲ್ಲರೆಯಲ್ಲಿ ಒಂದು. ಈ ಲೆಕ್ಕದಲ್ಲಿ ಒಂದು ದೋಷವಿತ್ತು. ಎತ್ತರದ ಆಳಿಗೆ ಪಾದವೂ ಉದ್ದವಿರುವುದು ಸಹಜ, ಅಳತೆಗಳು ಒಂದಕ್ಕೊಂದು ಸಂಬಂಧವಿಲ್ಲದವಲ್ಲ. ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಅದನ್ನು ಮುಂದೆ ಎತ್ತಿ ತೋರಿಸಿದ. ಆದರೂ ಕಚೇರಿಯ ಕೆಲಸಕ್ಕೆ ಅಷ್ಟು ನಿಖರತೆ ಧಾರಾಳವಾಗಿತ್ತು.

ಅದೇ ವರ್ಷ ಬರ್ಟಿಲಾನ್ ತನ್ನ ಯೋಜನೆಯನ್ನು ಬರೆದು ಪೊಲೀಸ್ ಮುಖ್ಯಸ್ಥ ಲೂಯಿ ಆಂದ್ರಿಯೂಗೆ ಒಪ್ಪಿಸಿದ. ಬರವಣಿಗೆ ತೊಡಕು, ವಿವರಣೆ ಇನ್ನೂ ತೊಡಕು. ಕೆಳದರ್ಜೆ ಗುಮಾಸ್ತನ ತಲೆ ಕೆಟ್ಟಿದೆ ಎಂಬ ತೀರ್ಮಾನಕ್ಕೆ ಬಂದ ಆಂದ್ರಿಯೂ ಅದನ್ನು ಮೂಲೆಗೆ ಸರಿಸಿದ. ಬರ್ಟಿಲಾನ್ ಮತ್ತೆ ಚೀಟಿ ಬರೆಯಲು ಕುಳಿತ. ಹಾಗೆ ಮೂರು ವರ್ಷ ಕಳೆಯಿತು. 1882ರ ಕೊನೆಗೆ ಹೊಸ ಮುಖ್ಯಸ್ಥ ಕಾಮೆಕಾಸ್, ಇಬ್ಬರು ಸಹಾಯಕರನ್ನು ಕೊಟ್ಟು ಮೂರು ತಿಂಗಳ ಗಡುವು ವಿಧಿಸಿದ. ಅಷ್ಟರೊಳಗೆ ಒಬ್ಬನಾದರೂ ಹಳೆಯ ಅಪರಾಧಿ ಅಳತೆಯಿಂದ ಸಿಕ್ಕಿಬೀಳಬೇಕು, ಇಲ್ಲವಾದರೆ ಯೋಜನೆ ಮುಗಿದಂತೆ. ಷರತ್ತು ವಿಚಿತ್ರವಾಗಿತ್ತು. ಈ ಅಲ್ಪಾವಧಿಯಲ್ಲಿ ಒಬ್ಬ ಬಂಧನಕ್ಕೊಳಗಾಗಿ, ಅಳತೆ ಕೊಟ್ಟು, ಬಿಡುಗಡೆಯಾಗಿ, ಮತ್ತೆ ಅಪರಾಧವೆಸಗಿ, ಬೇರೆ ಹೆಸರಿನಲ್ಲಿ ಸಿಕ್ಕಬೇಕಿತ್ತು.

ಬರ್ಟಿಲಾನ್ ಸಿಕ್ಕವರನ್ನೆಲ್ಲ ಅಳೆಯತೊಡಗಿದ. ಆಸ್ಟ್ರಿಯಾ ಮೂಲದ ಅಮೆಲಿ ನೋಟಾರ್ ಎಂಬಾಕೆ ಮುಂದೆ ಅವನ ಕೈಹಿಡಿದಳು. ಕಾರ್ಡುಗಳನ್ನು ಆಕೆ ತನ್ನ ದುಂಡಾದ ಅಕ್ಷರಗಳಲ್ಲಿ ಬರೆದುಕೊಟ್ಟಳೆಂದು ಅವನ ಜೀವನಚರಿತ್ರೆಕಾರರು ಹೇಳುತ್ತಾರೆ. 1883ರ ಫೆಬ್ರವರಿ ಬಂದಿತು. ಗಡುವು ಮುಗಿಯುತ್ತ ಬಂದಿತ್ತು. ಆ ದಿನ ಎದುರಿಗೆ ನಿಂತವನು ತನ್ನ ಹೆಸರು ದ್ಯುಪೋಂ ಎಂದ. ನಮ್ಮಲ್ಲಿ ಮಂಜುನಾಥ ಎಂದಷ್ಟೇ ಸಾಮಾನ್ಯವಾದ ಹೆಸರು. ಅಳತೆ ತೆಗೆದು ಖಾನೆಗಳನ್ನು ಎಳೆದಾಗ ಕೈಗೆ ಬಂದ ಕಾರ್ಡಿನಲ್ಲಿ ಅವೇ ಅಂಕಿಗಳು, ಆದರೆ ಹೆಸರು ಮಾರ್ತಾಂ. ಹಿಂದಿನ ಡಿಸೆಂಬರ್‌ನಲ್ಲಿ ಖಾಲಿ ಬಾಟಲಿ ಕದ್ದು ಸಿಕ್ಕಿಬಿದ್ದವನು. ಮೊದಲು ಅಲ್ಲಗಳೆದು ಆಮೇಲೆ ಒಪ್ಪಿಕೊಂಡ. ಖಾಲಿ ಬಾಟಲಿಯ ಕಳ್ಳನೊಬ್ಬ ಹೊಸ ಶಾಸ್ತ್ರವೊಂದರ ಮೊದಲ ಸಾಕ್ಷಿಯಾದ. ಆ ವರ್ಷ ಹೀಗೆ ಪತ್ತೆಯಾದವರು 49 ಮಂದಿ, ಮರುವರ್ಷ 241.

ಯಶಸ್ಸಿನ ಗುಟ್ಟು ಅಳತೆಯಲ್ಲಿ ಎಷ್ಟಿತ್ತೋ ಅದಕ್ಕಿಂತ ಹೆಚ್ಚಾಗಿ ಖಾನೆಗಳಲ್ಲಿತ್ತು. 81 ಸಾವಿರ ಕಾರ್ಡುಗಳಿವೆ ಎಂದುಕೊಳ್ಳೋಣ. ತಲೆಯ ಉದ್ದವನ್ನು ಚಿಕ್ಕದು, ಮಧ್ಯಮ, ದೊಡ್ಡದು ಎಂದು ಮೂರಾಗಿ ಹಂಚಿದರೆ ಹುಡುಕಬೇಕಾದ ಭಾಗದಲ್ಲಿ 27 ಸಾವಿರ ಉಳಿಯುತ್ತವೆ. ತಲೆಯ ಅಗಲದಿಂದ ಮತ್ತೆ ಮೂರು ಮಾಡಿದರೆ 9 ಸಾವಿರ. ಮಧ್ಯದ ಬೆರಳಿನಿಂದ 3 ಸಾವಿರ, ಇನ್ನೊಂದು ಅಳತೆಯಿಂದ ಒಂದು ಸಾವಿರ. ಹೀಗೆ ಇಳಿಯುತ್ತ ಹೋದರೆ ಕೊನೆಗೆ ಹನ್ನೆರಡೋ ಹದಿನೈದೋ ಕಾರ್ಡುಗಳಿರುವ ಒಂದು ಖಾನೆಯ ಮುಂದೆ ಗುಮಾಸ್ತ ನಿಂತಿರುತ್ತಾನೆ. ಹುಡುಕಾಟಕ್ಕೆ ನಿಮಿಷಗಳು ಸಾಕು, ಹೆಸರೇ ಬೇಡ. ಗಣಕಯಂತ್ರ ಬರುವುದಕ್ಕೆ ಬಹಳ ಮೊದಲು, ಮರದ ಪೆಟ್ಟಿಗೆಗಳಲ್ಲಿ ಒಬ್ಬ ಮನುಷ್ಯ ಕಟ್ಟಿದ ಶೋಧನಾ ವ್ಯವಸ್ಥೆ ಇದು.

ಈ ಖಾನೆಗಳು ಯಾರ ಬದುಕನ್ನು ಹೇಗೆ ತಿರುಗಿಸುತ್ತಿದ್ದವು ಎಂಬುದನ್ನೂ ನೋಡಬೇಕು. 1885ರ ಮೇ ತಿಂಗಳಲ್ಲಿ ಫ್ರಾನ್ಸ್ ಸರ್ಕಾರ ಒಂದು ಕಾನೂನು ತಂದಿತು. ಪದೇಪದೇ ಅಪರಾಧ ಮಾಡಿದವರನ್ನು, ಅವು ಸಣ್ಣ ಕಳವುಗಳಾಗಿದ್ದರೂ, ಜೀವನಪರ್ಯಂತ ಗಯಾನಾ ಮತ್ತು ನ್ಯೂ ಕ್ಯಾಲಿಡೋನಿಯಾ ವಸಾಹತುಗಳಿಗೆ ಗಡೀಪಾರು ಮಾಡಲು ಅದು ಅವಕಾಶ ಕೊಟ್ಟಿತು. 1891ರಲ್ಲಿ ಇನ್ನೊಂದು ಕಾನೂನು ಬಂದು, ಮೊದಲ ಬಾರಿಗೆ ತಪ್ಪು ಮಾಡಿದವನ ಶಿಕ್ಷೆಯನ್ನು ತಡೆಹಿಡಿಯುವ ಅಧಿಕಾರವನ್ನು ನ್ಯಾಯಾಧೀಶರಿಗೆ ನೀಡಿತು. ಎಂದರೆ ಹಳೆಯ ಕಾರ್ಡು ಸಿಕ್ಕಿದವನಿಗೆ ಕಡಲಾಚೆಯ ನರಕ, ಸಿಗದವನಿಗೆ ಮನೆಯ ದಾರಿ. ಜ್ವರದ ದ್ವೀಪಗಳಿಗೆ ಹಡಗು ಹತ್ತಿದ ಅನೇಕ ಬಡ ಕಳ್ಳರ ಹಿಂದೆ ಬರ್ಟಿಲಾನ್‌ನ ಕೈವಾರವಿತ್ತು. ಇತ್ತ ನೌಕರಿ ಕೊಡುವ ಮಾಲೀಕರು ಅಪರಾಧ ದಾಖಲೆಯ ಪ್ರತಿ ತರುವಂತೆ ಕೇಳುವುದು ವಾಡಿಕೆಯಾಯಿತು. ಶಿಕ್ಷೆ ಮುಗಿಸಿ ಬಂದವನಿಗೆ ಕೆಲಸದ ಬಾಗಿಲು ಮುಚ್ಚಿತು. ಖಾಸಗಿ ವ್ಯಕ್ತಿಗಳ ಕೈಗೆ ಸಿಗುವ ಪ್ರತಿಯಲ್ಲಿ ಏನಿರಬೇಕು, ನ್ಯಾಯಾಲಯಕ್ಕೆ ಮಾತ್ರ ಏನು ಕಾಣಬೇಕು ಎಂಬ ಗೆರೆಯನ್ನು ಎಳೆಯಲು 1899ರಲ್ಲಿ ಶಾಸನವೇ ಬೇಕಾಯಿತು. ಅದೇ ಚರ್ಚೆ ಇಂದಿಗೂ ನಾನಾ ದೇಶಗಳಲ್ಲಿ ಮುಗಿದಿಲ್ಲ.

1888ರಲ್ಲಿ ಬರ್ಟಿಲಾನ್ ಗುರುತು ಪತ್ತೆ ವಿಭಾಗದ ಮುಖ್ಯಸ್ಥನಾದ. ಛಾಯಾಚಿತ್ರಕ್ಕೂ ಕಟ್ಟುಪಾಡು ತಂದ. ಒಂದೇ ದೂರ, ಒಂದೇ ಬೆಳಕು, ಅಲುಗಾಡಲು ಬಿಡದ ವಿಶೇಷ ಕುರ್ಚಿ. ಎದುರಿನಿಂದ ಒಂದು ಚಿತ್ರ, ಪಕ್ಕದಿಂದ ಒಂದು ಚಿತ್ರ. ಬೆಂಗಳೂರಾಗಲಿ ಬ್ಯೂನಸ್ ಐರಿಸ್ ಆಗಲಿ, ಠಾಣೆಯಲ್ಲಿ ಬಂಧಿತನ ಚಿತ್ರ ತೆಗೆಯುವ ಕ್ರಮ ಅಲ್ಲಿಂದಲೇ ಬಂದದ್ದು. ಪಕ್ಕದ ಚಿತ್ರ ಏಕೆಂದರೆ ಕಿವಿಗಾಗಿ. ಕಿವಿಯ ಸುರುಳಿಗಳು ಮನುಷ್ಯನಿಂದ ಮನುಷ್ಯನಿಗೆ ಬೇರೆ ಎಂಬುದು ಅವನ ದೃಢ ನಂಬಿಕೆ. ಮೂಗು, ಹಣೆ, ಕಣ್ಣಿನ ಬಣ್ಣಗಳಿಗೆ ನಿಶ್ಚಿತ ಪದಗಳನ್ನು ಕೊಟ್ಟು ಚಹರೆಪಟ್ಟಿಗೆ ಒಂದು ಭಾಷೆಯನ್ನೇ ರೂಪಿಸಿದ. ಕೊಲೆ ನಡೆದ ಕೋಣೆಯನ್ನು ಅಳತೆಪಟ್ಟಿಯೊಂದಿಗೆ ಚಿತ್ರೀಕರಿಸುವ ವಿಧಾನವೂ ಅವನದೇ.

1892ರ ಮಾರ್ಚ್‌ನಲ್ಲಿ ಪ್ಯಾರಿಸ್ಸಿನ ನ್ಯಾಯಾಧಿಕಾರಿಗಳ ಮನೆಗಳಲ್ಲಿ ಬಾಂಬುಗಳು ಸಿಡಿದವು. ಅರಾಜಕತಾವಾದಿ ರಾವಶೋಲ್ ಸಿಕ್ಕಿಬಿದ್ದಾಗ ಅವನ ಅಳತೆಗಳು, ಹಿಂದೆ ಸೇಂಟ್ ಎಟಿಯೆನ್‌ನಲ್ಲಿ ಸೆರೆಯಾಗಿದ್ದ ಕೋನಿಗ್‌ಸ್ಟೈನ್ ಎಂಬವನ ಕಾರ್ಡಿಗೆ ಹೊಂದಿದವು. ಬರ್ಟಿಲಾನ್‌ನ ಹೆಸರು ಮನೆಮಾತಾಯಿತು. ಅಮೆರಿಕ, ರಷ್ಯಾ, ದಕ್ಷಿಣ ಅಮೆರಿಕಗಳು ಅವನ ಪದ್ಧತಿಯನ್ನು ಎತ್ತಿಕೊಂಡವು. ಕಾನನ್ ಡಾಯ್ಲ್ ತನ್ನ ಷರ್ಲಾಕ್ ಹೋಮ್ಸ್‌ಗೆ ಅಸೂಯೆ ಹುಟ್ಟಿಸಬಲ್ಲ ಪ್ರತಿಸ್ಪರ್ಧಿಯಾಗಿ ಕಾದಂಬರಿಯಲ್ಲಿ ತಂದದ್ದು ಇದೇ ಬರ್ಟಿಲಾನ್‌ನನ್ನು.

ಕೈವಾರಗಳು ಭಾರತಕ್ಕೂ ಬಂದವು. ಬಂಗಾಳದ ಪೊಲೀಸ್ ಮಹಾನಿರೀಕ್ಷಕನಾಗಿದ್ದ ಎಡ್ವರ್ಡ್ ಹೆನ್ರಿ 1890ರ ದಶಕದ ಆರಂಭದಲ್ಲಿ ಕಲ್ಕತ್ತದಲ್ಲಿ ಬರ್ಟಿಲಾನ್ ಪದ್ಧತಿಯ ಕಚೇರಿಯನ್ನು ನಡೆಸಿದ. ಅಲ್ಲಿ ಅದರ ದೌರ್ಬಲ್ಯ ಬಯಲಾಯಿತು. ಒಬ್ಬ ಪೇದೆ ಕೈವಾರವನ್ನು ಬಿಗಿಯಾಗಿ ಹಿಡಿಯುತ್ತಾನೆ, ಇನ್ನೊಬ್ಬ ಸಡಿಲವಾಗಿ; ಎರಡು ಮಿಲಿಮೀಟರು ಆಚೀಚೆಯಾದರೆ ಕಾರ್ಡು ಬೇರೆ ಖಾನೆಗೆ ಹೋಗಿ ಶಾಶ್ವತವಾಗಿ ಕಳೆದುಹೋಗುತ್ತದೆ. ಬೆರಳಚ್ಚಿಗೆ ಈ ಬಾಧೆಯಿಲ್ಲ. ಮಸಿ ಮತ್ತು ಕಾಗದ ಸಾಕು. ಕೊರತೆಯಿದ್ದದ್ದು ಅವುಗಳನ್ನು ಜೋಡಿಸುವ ಕ್ರಮದ್ದು. ಹೆನ್ರಿಯ ಕೈಕೆಳಗಿದ್ದ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಆ ಕೊರತೆಯನ್ನು ನೀಗಿದರು. ಬೆರಳುಗಳ ಸುಳಿಯ ಮಾದರಿಯನ್ನು ಲೆಕ್ಕಕ್ಕೆ ಇಳಿಸಿ 1,024 ಖಾನೆಗಳಲ್ಲಿ ಹಂಚುವ ವಿಧಾನ ಸಿದ್ಧವಾಯಿತು. 1897ರಲ್ಲಿ ಜಗತ್ತಿನ ಮೊದಲ ಬೆರಳಚ್ಚು ಕಚೇರಿ ಕಲ್ಕತ್ತದಲ್ಲಿ ಆರಂಭವಾಯಿತು. ಪದ್ಧತಿಗೆ ಅಂಟಿಕೊಂಡದ್ದು ಮಾತ್ರ ಹೆನ್ರಿಯ ಹೆಸರು.

ಬರ್ಟಿಲಾನ್ ಬೆರಳಚ್ಚನ್ನು ಮೊದಲು ಒಪ್ಪಲಿಲ್ಲ, ಪೂರ್ಣವಾಗಿ ಎಂದೂ ಒಪ್ಪಲಿಲ್ಲ. 1894ರಿಂದ ಕಾರ್ಡಿನ ಮೇಲೆ ಬಲಗೈಯ ನಾಲ್ಕು ಬೆರಳುಗಳ ಗುರುತನ್ನು ಸೇರಿಸಿಕೊಂಡನಾದರೂ ಅದು ಅಳತೆಗೆ ಬಾಲವಾಗಿ ಮಾತ್ರ. ಕಾರ್ಡುಗಳ ಕ್ರಮ ಮೂಳೆಯ ಲೆಕ್ಕದಲ್ಲೇ ಉಳಿಯಿತು. ವಿಧಿಯ ಕುಚೋದ್ಯವೆಂದರೆ, 1902ರ ಅಕ್ಟೋಬರ್‌ನಲ್ಲಿ ಪ್ಯಾರಿಸ್ಸಿನ ದಂತವೈದ್ಯನೊಬ್ಬನ ಮನೆಯಲ್ಲಿ ಸೇವಕನ ಕೊಲೆಯಾದಾಗ, ಒಡೆದ ಗಾಜಿನ ಮೇಲಿನ ಬೆರಳಚ್ಚಿನಿಂದ ಕೊಲೆಗಾರ ಶೆಫರ್‌ನನ್ನು ಗುರುತಿಸಿದವನೂ ಬರ್ಟಿಲಾನ್. ಯುರೋಪಿನಲ್ಲಿ ಬೆರಳಚ್ಚೊಂದರಿಂದಲೇ ಕೊಲೆಗಾರನ ಪತ್ತೆಯಾದ ಮೊದಲ ಪ್ರಕರಣಗಳಲ್ಲಿ ಅದೂ ಒಂದು. ಶೆಫರ್ ಅದೇ ವರ್ಷ ಒಮ್ಮೆ ಬಂಧನಕ್ಕೊಳಗಾಗಿ ಕಾರ್ಡು ಮಾಡಿಸಿಕೊಂಡಿದ್ದ. ಕಾರ್ಡುಗಳನ್ನು ಕೈಯಿಂದ ತಿರುವಿ ನೋಡುವುದರ ಹೊರತು ಬೇರೆ ದಾರಿಯಿರಲಿಲ್ಲ. ತಾಳ್ಮೆ ಅಂದು ಫಲ ಕೊಟ್ಟಿತು.

ಅಷ್ಟರಲ್ಲಿ ಅವನ ಬದುಕಿನ ಅಳಿಸಲಾಗದ ಕಲೆ ಮೂಡಿಯಾಗಿತ್ತು. 1894ರ ಅಕ್ಟೋಬರ್‌ನಲ್ಲಿ, ಸೇನೆಯ ರಹಸ್ಯಗಳನ್ನು ಜರ್ಮನಿಗೆ ಮಾರುವ ಪತ್ರವೊಂದನ್ನು ಅವನ ಮುಂದಿಟ್ಟು, ಕ್ಯಾಪ್ಟನ್ ಆಲ್ಫ್ರೆಡ್ ಡ್ರೇಫಸ್‌ನ ಕೈಬರಹದೊಂದಿಗೆ ಹೋಲಿಸಿ ನೋಡಲು ಹೇಳಲಾಯಿತು. ಬರ್ಟಿಲಾನ್ ಕೈಬರಹದ ತಜ್ಞನಲ್ಲ. ಬ್ಯಾಂಕ್ ಆಫ್ ಫ್ರಾನ್ಸ್‌ನ ಪರಿಣತನಾಗಲೇ ಸಂದೇಹ ವ್ಯಕ್ತಪಡಿಸಿದ್ದ. ಆದರೆ ಬರ್ಟಿಲಾನ್ ಅದೇ ದಿನ ಬರಹ ಡ್ರೇಫಸ್‌ನದೇ ಎಂಬ ಅಭಿಪ್ರಾಯ ಕೊಟ್ಟ. ಎರಡು ಬರಹಗಳ ನಡುವೆ ಕಾಣುವ ವ್ಯತ್ಯಾಸಗಳಿಗೆ ಏನು ಹೇಳುವುದು? ಡ್ರೇಫಸ್ ತನ್ನ ಅಕ್ಷರವನ್ನೇ ನಕಲಿ ಮಾಡಿದ್ದಾನೆ, ಮನೆಯವರ ಅಕ್ಷರದ ಲಕ್ಷಣಗಳನ್ನು ಬೇಕೆಂದೇ ಬೆರೆಸಿದ್ದಾನೆ ಎಂಬ ವಾದವನ್ನು ಹೂಡಿದ. ಹೋಲಿಕೆಯಿದ್ದರೆ ಅವನು ಬರೆದದ್ದಕ್ಕೆ ಸಾಕ್ಷಿ, ಹೋಲಿಕೆಯಿಲ್ಲದಿದ್ದರೆ ಅವನು ಮರೆಮಾಚಿದ್ದಕ್ಕೆ ಸಾಕ್ಷಿ. ಇಂಥ ತರ್ಕದಿಂದ ಪಾರಾಗುವ ನಿರಪರಾಧಿ ಯಾರು?

ಯೆಹೂದಿಯೆಂಬ ಕಾರಣಕ್ಕೆ ಮೊದಲೇ ಅನುಮಾನಕ್ಕೆ ಗುರಿಯಾಗಿದ್ದ ಡ್ರೇಫಸ್‌ಗೆ ಆ ಡಿಸೆಂಬರ್‌ನಲ್ಲಿ ಜೀವಾವಧಿ ಶಿಕ್ಷೆಯಾಯಿತು. ಅವನನ್ನು ಗಯಾನಾದ ಡೆವಿಲ್ಸ್ ದ್ವೀಪದಲ್ಲಿ ಒಂಟಿಯಾಗಿ ಇರಿಸಿದರು. ಪತ್ರ ಬರೆದವನು ಎಸ್ಟರ್‌ಹಾಜಿ ಎಂಬ ಬೇರೊಬ್ಬ ಅಧಿಕಾರಿ ಎಂಬುದಕ್ಕೆ ಪುರಾವೆಗಳು ಬಂದ ಮೇಲೂ ಬರ್ಟಿಲಾನ್ ಮಣಿಯಲಿಲ್ಲ. 1899ರಲ್ಲಿ ರೆನ್ ನಗರದ ಮರುವಿಚಾರಣೆಯಲ್ಲಿ ನಕ್ಷೆಗಳನ್ನೂ ಚೌಕುಳಿಗಳನ್ನೂ ಹರಡಿ ಗಂಟೆಗಟ್ಟಲೆ ವಿವರಿಸಿದ. ಕೇಳುಗರಲ್ಲಿ ಹಲವರು ನಕ್ಕರು, ಸೇನಾ ನ್ಯಾಯಾಲಯ ಮತ್ತೆ ಡ್ರೇಫಸ್‌ನನ್ನು ತಪ್ಪಿತಸ್ಥನೆಂದಿತು. 1904ರಲ್ಲಿ ಗಣಿತಜ್ಞ ಆನ್ರಿ ಪ್ವಾಂಕರೆ ಮತ್ತು ಇಬ್ಬರು ಸಹೋದ್ಯೋಗಿಗಳು ಬರ್ಟಿಲಾನ್‌ನ ಸಂಭವನೀಯತೆಯ ಲೆಕ್ಕವನ್ನು ಪರಿಶೀಲಿಸಿ ಅದಕ್ಕೆ ಯಾವ ಬೆಲೆಯೂ ಇಲ್ಲವೆಂದು ತೀರ್ಮಾನಿಸಿದರು. 1906ರ ಜುಲೈ 12ರಂದು ಡ್ರೇಫಸ್ ನಿರ್ದೋಷಿ ಎಂಬ ತೀರ್ಪು ಹೊರಬಿದ್ದಿತು. ಹನ್ನೆರಡು ವರ್ಷ ಕಳೆದಿದ್ದವು. ತನ್ನಿಂದ ತಪ್ಪಾಯಿತೆಂದು ಬರ್ಟಿಲಾನ್ ಎಂದೂ ಒಪ್ಪಲಿಲ್ಲ. ಮೂಳೆಯ ವಿಷಯದಲ್ಲಿ ಅವನಿಗೆ ಕೀರ್ತಿ ತಂದ ಹಠವೇ ಅಕ್ಷರದ ವಿಷಯದಲ್ಲಿ ಒಬ್ಬ ನಿರಪರಾಧಿಯ ಯೌವನವನ್ನು ನುಂಗಿತು.

ಅಪರಾಧಿಗಳಿಗೆಂದು ಹುಟ್ಟಿದ ಕಾರ್ಡು ಅಪರಾಧವನ್ನೇ ಮಾಡದವರ ಜೇಬಿಗೂ ಬಂದಿತು. 1912ರ ಜುಲೈ ತಿಂಗಳ ಕಾನೂನಿನ ಪ್ರಕಾರ ಫ್ರಾನ್ಸಿನ ಅಲೆಮಾರಿ ಜಿಪ್ಸಿ ಜನ ತಮ್ಮ ದೇಹದ ಅಳತೆ, ಬೆರಳಚ್ಚು, ಛಾಯಾಚಿತ್ರಗಳಿರುವ ಪುಸ್ತಕವನ್ನು ಸದಾ ಜೊತೆಗಿಟ್ಟುಕೊಂಡು ಊರೂರಿನ ಅಧಿಕಾರಿಗಳಿಗೆ ತೋರಿಸಬೇಕಾಯಿತು. ಆ ಪುಸ್ತಕ ರದ್ದಾದದ್ದು 1969ರಲ್ಲಿ. ಭಾರತದಲ್ಲಿ ಬಂಧಿತರ ಮತ್ತು ಶಿಕ್ಷಿತರ ಅಳತೆ, ಚಿತ್ರ ತೆಗೆಯಲು 1920ರಲ್ಲಿ ಕಾಯಿದೆ ಬಂದಿತು. 2022ರಲ್ಲಿ ಅದರ ಜಾಗಕ್ಕೆ ಬಂದ ಹೊಸ ಕಾಯಿದೆ ಕಣ್ಣಿನ ಪಾಪೆಯ ಗುರುತನ್ನೂ ಸೇರಿಸಿತು. ದಾಖಲೆಗಳನ್ನು 75 ವರ್ಷ ಉಳಿಸಿಕೊಳ್ಳಲು ಅದರಲ್ಲಿ ಅವಕಾಶವಿದೆ.

ಬರ್ಟಿಲಾನ್‌ನ ಕೊನೆಯ ದೊಡ್ಡ ಪರೀಕ್ಷೆ 1911ರ ಆಗಸ್ಟ್ 21ರಂದು ಎದುರಾಯಿತು. ಲೂವ್ರ್ ವಸ್ತುಸಂಗ್ರಹಾಲಯದ ಗೋಡೆಯಿಂದ ಮೋನಾಲಿಸಾ ಮಾಯವಾಗಿದ್ದಳು. ಬಿಟ್ಟುಹೋದ ಚೌಕಟ್ಟಿನ ಗಾಜಿನ ಮೇಲೆ ಕಳ್ಳನ ಎಡಗೈ ಹೆಬ್ಬೆರಳಿನ ಗುರುತಿತ್ತು. ಕಳ್ಳನಾದರೋ ಇಟಲಿಯ ವಿಂಚೆನ್ಸೊ ಪೆರುಜಿಯ, ಲೂವ್ರ್‌ನಲ್ಲಿ ಚಿತ್ರಗಳಿಗೆ ಗಾಜು ಕೂರಿಸುವ ಕೆಲಸ ಮಾಡಿದ್ದವನು. ಹಿಂದೆ ಫ್ರಾನ್ಸಿನಲ್ಲಿ ಬಂಧನಕ್ಕೊಳಗಾದವನು; ಅವನ ಕಾರ್ಡು ಬರ್ಟಿಲಾನ್‌ನ ಖಾನೆಯಲ್ಲೇ ಇತ್ತು. ಆದರೆ ಆ ಲಕ್ಷಾಂತರ ಕಾರ್ಡುಗಳು ಜೋಡಣೆಯಾದದ್ದು ತಲೆಯ ಉದ್ದ, ಬೆರಳಿನ ಉದ್ದಗಳ ಕ್ರಮದಲ್ಲಿ. ಕಳ್ಳ ಗಾಜಿನ ಮೇಲೆ ತನ್ನ ತಲೆಯ ಅಳತೆಯನ್ನು ಬಿಟ್ಟುಹೋಗಿರಲಿಲ್ಲ. ಸಂಗ್ರಹಾಲಯದ ನೌಕರರ ಬೆರಳುಗಳನ್ನು ಹೋಲಿಸಿದ್ದೂ ವ್ಯರ್ಥವಾಯಿತು. ಪೊಲೀಸರು ಪೆರುಜಿಯನ ಕೋಣೆಗೇ ಹೋಗಿ ವಿಚಾರಿಸಿ ಬರಿಗೈಯಲ್ಲಿ ಮರಳಿದ್ದರು. ಕಲ್ಕತ್ತದ 1,024 ಖಾನೆಗಳ ಮಾದರಿಯನ್ನು ಪ್ಯಾರಿಸ್ ಒಪ್ಪಿಕೊಂಡಿದ್ದರೂ ಒಂದೇ ಹೆಬ್ಬೆರಳಿನಿಂದ ಹುಡುಕುವುದು ಸುಲಭವಾಗುತ್ತಿರಲಿಲ್ಲ ಎನ್ನುವುದನ್ನು ನ್ಯಾಯದ ದೃಷ್ಟಿಯಿಂದ ಇಲ್ಲಿ ಹೇಳಬೇಕು. ಆದರೆ ಪ್ಯಾರಿಸ್ಸಿನ ಜನ ಅಷ್ಟು ಸೂಕ್ಷ್ಮವನ್ನು ಗಮನಿಸುವ ಸ್ಥಿತಿಯಲ್ಲಿರಲಿಲ್ಲ.

ಎರಡು ವರ್ಷ ನಾಲ್ಕು ತಿಂಗಳ ನಂತರ, 1913ರ ಡಿಸೆಂಬರ್‌ನಲ್ಲಿ, ಫ್ಲಾರೆನ್ಸ್‌ನಲ್ಲಿ ಚಿತ್ರವನ್ನು ಮಾರಲು ಹೋಗಿ ಪೆರುಜಿಯ ತಾನಾಗಿಯೇ ಸಿಕ್ಕಿಬಿದ್ದ. ಅಷ್ಟರಲ್ಲಿ ಬರ್ಟಿಲಾನ್‌ನ ಆರೋಗ್ಯ ಪೂರಾ ಕುಸಿದಿತ್ತು. ಜೀವಮಾನವೆಲ್ಲ ಮುಖಗಳನ್ನು ದಿಟ್ಟಿಸಿದ್ದ ಕಣ್ಣುಗಳಿಗೆ ಮಬ್ಬು ಕವಿದಿತ್ತು. ಮೋನಾಲಿಸಾ ಜನವರಿ ಮೊದಲ ವಾರದಲ್ಲಿ ಲೂವ್ರ್‌ಗೆ ಮರಳಿದಳು. 1914ರ ಫೆಬ್ರವರಿ 13ರಂದು ಬರ್ಟಿಲಾನ್ ತನ್ನ 60ನೆಯ ವಯಸ್ಸಿನಲ್ಲಿ ಕಣ್ಣುಮುಚ್ಚಿದ. ಪ್ಯಾರಿಸ್ಸಿನ ಪೇರ್ ಲಾಶೇಜ್ ಸ್ಮಶಾನದಲ್ಲಿ ಅವನ ಸಮಾಧಿಯಿದೆ.